ಸೌಂಡ್ ಇಂಜಿನಿಯರ್ ಆದರೆ ಹೊಟ್ಟೆ ತುಂಬುತ್ತದಾ?

ಪಿಯುಸಿ ಫಲಿತಾಂಶ ಬಂದ ವಾರ ಉಡುಪಿ, ಮಂಗಳೂರು ಕಡೆಯ ಮನೆಗಳಲ್ಲಿ ಬೇರೆ ಮಾತೇ ಇರುವುದಿಲ್ಲ. ಯಾವ ಕಾಲೇಜು, ಯಾವ ಕೋರ್ಸು, ಎಷ್ಟು ಫೀಸು. ನಮ್ಮ ಪರಿಚಯದ ಒಬ್ಬ ಹುಡುಗ ಈ ಸಲ ಮನೆಯಲ್ಲಿ ಹೇಳಿಬಿಟ್ಟ: "ನನಗೆ ಸೌಂಡ್ ಇಂಜಿನಿಯರಿಂಗ್ ಮಾಡಬೇಕು. ಸಂಗೀತದಲ್ಲೇ ಇರಬೇಕು." ಅಪ್ಪ ಏನೂ ಮಾತಾಡಲಿಲ್ಲ. ಅಮ್ಮ ನಮ್ಮಿಬ್ಬರಿಗೂ ಫೋನ್ ಮಾಡಿದರು. ನಾವಿಬ್ಬರೂ ಮಂಗಳೂರಿನ ಒಂದೇ ಸ್ಟುಡಿಯೋದಲ್ಲಿ ಕೆಲಸ ಕಲಿತವರು. ನಮ್ಮಲ್ಲಿ ಒಬ್ಬರು ಈಗ ಉಡುಪಿ ಹತ್ತಿರ ಕಾರ್ಯಕ್ರಮಗಳಿಗೆ ಮೈಕ್, ಸ್ಪೀಕರ್ ಬಾಡಿಗೆಗೆ ಕೊಡುವ ಸೌಂಡ್ಸ್ ನಡೆಸುತ್ತಾರೆ, ಇನ್ನೊಬ್ಬರು ಸ್ಟುಡಿಯೋ ಬಿಟ್ಟು ಕೆಲವು ವರ್ಷ ಆಯಿತು. ಆ ತಾಯಿಗೆ ನಾವು ಕೊಟ್ಟ ಉತ್ತರ ಒಂದೇ ಆಗಿರಲಿಲ್ಲ. ಎರಡನ್ನೂ ಇಲ್ಲಿ ಬರೆದಿದ್ದೇವೆ.

ಪರ: ಬರಲಿ, ಕೆಲಸ ಇದೆ

ಬ್ರಹ್ಮಾವರದ ಆಚೆ ಒಂದು ಊರು. ದೇವಸ್ಥಾನದ ಬ್ರಹ್ಮಕಲಶ, ರಾತ್ರಿ ಯಕ್ಷಗಾನದ ಆಟ. ಕೊಯ್ಲು ಮುಗಿದ ಗದ್ದೆಯಲ್ಲಿ ರಂಗಸ್ಥಳ. ಜನ ಜಾಸ್ತಿ ಬರುತ್ತಾರೆ ಎಂದು ಸಮಿತಿಯವರು ಹೇಳಿದ್ದರಿಂದ 50 ಮೀಟರ್ ಹಿಂದೆ ಇನ್ನೊಂದು ಜೋಡಿ ಸ್ಪೀಕರ್ ನಿಲ್ಲಿಸಿದ್ದೆವು. ಭಾಗವತರು ಮೊದಲ ಪದ್ಯ ಎತ್ತಿದರು. ನಾನು ಹಿಂದಕ್ಕೆ ನಡೆದುಕೊಂಡು ಹೋದೆ. ಕಡೆಯ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿ ನನ್ನ ಕುತ್ತಿಗೆಯಲ್ಲಿದ್ದ ಹೆಡ್‌ಫೋನ್ ನೋಡಿ ಕೇಳಿದರು, "ಎಂತ ಮಗಾ, ಭಾಗವತರು ಎಲ್ಲವನ್ನೂ ಎರಡೆರಡು ಸಲ ಹೇಳ್ತಾರಲ್ಲ?"

ಅಜ್ಜಿಯ ಕಿವಿ ಸರಿಯಾಗಿಯೇ ಇತ್ತು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ. 50 ಮೀಟರ್ ದಾಟಲು ಅದಕ್ಕೆ ಸುಮಾರು 145 ಮಿಲಿಸೆಕೆಂಡ್ ಬೇಕು. ವಯರಿನಲ್ಲಿ ಹೋಗುವ ಸಿಗ್ನಲ್ಲಿಗೆ ಆ ಹೊತ್ತು ಬೇಡ. ಹಾಗಾಗಿ ಹಿಂದಿನ ಸ್ಪೀಕರ್ ಮೊದಲು ಹೇಳುತ್ತದೆ, ರಂಗಸ್ಥಳದ ಸ್ಪೀಕರಿನಿಂದ ಅದೇ ಮಾತು ಆಮೇಲೆ ಬರುತ್ತದೆ. ಹಿಂದಿನ ಜೋಡಿಯನ್ನು ಅಷ್ಟೇ ತಡ ಮಾಡಿಸಬೇಕು. ಇನ್ನೊಂದು ಹತ್ತು-ಹದಿನೈದು ಮಿಲಿಸೆಕೆಂಡ್ ಸೇರಿಸಿದರೆ ದನಿ ಪಕ್ಕದ ಸ್ಪೀಕರಿನಿಂದ ಬಂದ ಹಾಗೆ ಅನಿಸುವುದಿಲ್ಲ, ಭಾಗವತರ ಬಾಯಿಂದಲೇ ಬಂದ ಹಾಗೆ ಕೇಳುತ್ತದೆ. ಆ ಸಂಜೆ ಗಡಿಬಿಡಿಯಲ್ಲಿ ನಾವು ಆ ಡಿಲೇ ಹಾಕಿರಲಿಲ್ಲ. ಕೈಯಲ್ಲಿದ್ದ ಟ್ಯಾಬ್‌ನಲ್ಲೇ ಸರಿ ಮಾಡಿದೆ. ಅಜ್ಜಿ ಮತ್ತೆ ನನ್ನ ಕಡೆ ನೋಡಲಿಲ್ಲ. ರಂಗಸ್ಥಳ ನೋಡುತ್ತಾ ಕೂತರು. ನನಗೆ ಇದಕ್ಕಿಂತ ದೊಡ್ಡ ಸನ್ಮಾನ ಬೇಡ.

ಸ್ಟುಡಿಯೋಗಳು ಮುಚ್ಚಿದವು, ಈ ಕೆಲಸವೂ ಮುಗಿಯಿತು ಎನ್ನುವವರಿದ್ದಾರೆ. ನನ್ನ ಜೊತೆ ಕೆಲಸ ಮಾಡಿದವಳೇ ಹಾಗೆ ಹೇಳುತ್ತಾಳೆ. ಅವಳಷ್ಟು ಚೊಕ್ಕವಾಗಿ ದನಿ ಎಡಿಟ್ ಮಾಡುವವರನ್ನು ನಾನು ಬೇರೆ ಕಂಡಿಲ್ಲ. ಆದರೆ ಸ್ಟುಡಿಯೋ ಅನ್ನುವುದು ಈ ಕೆಲಸದ ಒಂದು ಕೋಣೆ ಅಷ್ಟೇ. ಮಂಗಳೂರು ಆಕಾಶವಾಣಿ 1976ರಲ್ಲಿ ಶುರುವಾಯಿತು. ಬ್ರಹ್ಮಾವರದ ಟವರಿನಿಂದ ಬರುತ್ತಿದ್ದ ಯಕ್ಷಗಾನವನ್ನು ನಮ್ಮ ಮನೆಯಲ್ಲಿ ರೇಡಿಯೋ ಸುತ್ತ ಕೂತು ಕೇಳುತ್ತಿದ್ದರು. ಆಮೇಲೆ ಕ್ಯಾಸೆಟ್ ಬಂತು, ಭಜನೆ, ತುಳು ಹಾಸ್ಯ, ಕೊಂಕಣಿ ಹಾಡು, ಎರಡೆರಡು ಕ್ಯಾಸೆಟ್ಟಿನ ಪ್ರಸಂಗಗಳು. 2003ರಲ್ಲಿ ನಾನು ಸ್ಟುಡಿಯೋ ಸೇರುವಾಗ ಕ್ಯಾಸೆಟ್ಟಿನ ಕಾಲ ಮುಗಿಯುತ್ತಾ ಇತ್ತು. ಸಿಡಿ ಬಂತು, ಅದೂ ಹೋಯಿತು. ಪ್ರತಿ ಸಲವೂ "ಇನ್ನು ಮುಗಿಯಿತು" ಎಂದರು. ನಾನು 2008ರಲ್ಲಿ ಸ್ಟುಡಿಯೋ ಬಿಟ್ಟು ಹೊರಗಿನ ಕಾರ್ಯಕ್ರಮಗಳಿಗೆ ಹೋದೆ. 2014ರಲ್ಲಿ ಸೊಸೈಟಿ ಸಾಲ ತೆಗೆದು ಬೆಹ್ರಿಂಜರ್ ಎಕ್ಸ್32 ಮಿಕ್ಸರ್ ತಗೊಂಡೆ. 32 ಚಾನೆಲ್. ಎಲ್ಲ ಚಾನೆಲ್ಲಿಗೂ ದನಿ ಹದ ಮಾಡುವ ಅದರದೇ ಈಕ್ವಲೈಸರ್, ಕಂಪ್ರೆಸರ್, ಗೇಟ್. ಒಂದು ಯುಎಸ್‌ಬಿ ವಯರಿನಲ್ಲಿ ಅಷ್ಟೂ ಚಾನೆಲ್ ಬೇರೆ ಬೇರೆಯಾಗಿ ಲ್ಯಾಪ್‌ಟಾಪಿಗೆ ಹೋಗುತ್ತದೆ. ಅದಕ್ಕೆ ಮೊದಲು ಇಷ್ಟೆಲ್ಲ ಮಾಡಲು ಟೆಂಪೋ ತುಂಬ ಪೆಟ್ಟಿಗೆ ಹೊರಬೇಕಿತ್ತು. ಅಂದಿನಿಂದ ನನ್ನ ಸ್ಟುಡಿಯೋ ನನ್ನ ಜೊತೆಗೇ ಗದ್ದೆಗೆ ಬರುತ್ತಿದೆ.

ದೀಪಾವಳಿ ಕಳೆದರೆ ಮೇ ಕೊನೆಯ ಪತ್ತನಾಜೆಯ ತನಕ ನಮಗೆ ಉಸಿರಾಡಲು ಹೊತ್ತಿಲ್ಲ. ಹರಕೆ ಆಟ, ದೈವದ ನೇಮ, ಬ್ರಹ್ಮಕಲಶ, ಭಜನಾ ಮಂದಿರದ ವಾರ್ಷಿಕೋತ್ಸವ, ಇಗರ್ಜಿಯ ಹಬ್ಬ, ಕ್ರಿಶ್ಚಿಯನ್ ಮದುವೆಗೆ ಮೊದಲಿನ ರೋಸ್, ಕಾಲೇಜ್ ಡೇ, ಕಂಬಳದ ಕಾಮೆಂಟರಿ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಉಡುಪಿ ಪರ್ಯಾಯ. ಮಂಗಳೂರಿನಲ್ಲಿ ಕೊಂಕಣಿ ಸಂಘಟನೆ ಮಾಂಡ್ ಸೊಭಾಣ್‌ನವರು 2008ರಲ್ಲಿ 40 ಗಂಟೆ ನಿಲ್ಲಿಸದೆ ಕೊಂಕಣಿ ಹಾಡಿಸಿ ಗಿನ್ನೆಸ್ ದಾಖಲೆ ಮಾಡಿದ್ದು ನೆನಪಿರಬೇಕು. ಹಾಡಿದವರ ಲೆಕ್ಕ ಎಲ್ಲರೂ ಹೇಳುತ್ತಾರೆ. 40 ಗಂಟೆ ಮೈಕ್ ಕೈಕೊಡದ ಹಾಗೆ ನೋಡಿಕೊಳ್ಳುವುದೂ ಒಂದು ಕೆಲಸ ಅಲ್ವಾ? ಈಗ ಈ ಎಲ್ಲದರ ಮೇಲೆ ಲೈವ್ ಬಂದಿದೆ. ಮುಂಬೈಯಲ್ಲಿ, ದುಬೈಯಲ್ಲಿ ಕೂತವರು ಊರಿನ ನೇಮವನ್ನು ಯೂಟ್ಯೂಬ್‌ನಲ್ಲಿ ನೋಡುತ್ತಾರೆ. ಚಿತ್ರ ಸ್ವಲ್ಪ ಮಸುಕಾದರೆ ಸಹಿಸುತ್ತಾರೆ. ದನಿ ಒಡೆದರೆ ಆ ಕ್ಷಣ ಬಿಟ್ಟು ಹೋಗುತ್ತಾರೆ. ಹಾಗಾಗಿ ಲೈವಿಗೆ ಬೇರೆಯೇ ಮಿಕ್ಸ್ ಬೇಕು. ಅದಕ್ಕೆ ಇನ್ನೊಬ್ಬ ಜನ ಬೇಕು. ಆ ಜನ ನನಗೆ ಸಿಗುತ್ತಿಲ್ಲ.

ಇದರಲ್ಲಿ ಸಂಗೀತ ಎಲ್ಲಿದೆ ಎಂದು ಕೇಳಿದರೆ ತೆಂಕುತಿಟ್ಟು ಯಕ್ಷಗಾನದ ಹಿಮ್ಮೇಳವನ್ನೇ, ಅಂದರೆ ಹಾಡು-ವಾದ್ಯದವರನ್ನೇ, ತೋರಿಸುತ್ತೇನೆ. ಭಾಗವತರು ಕೂತಿರುತ್ತಾರೆ. ಚೆಂಡೆಯವರು ನಿಂತು ಬಾರಿಸುತ್ತಾರೆ. ನಡುವೆ ಒಂದೆರಡು ಮಾರು ಜಾಗ ಅಷ್ಟೇ. ಚೆಂಡೆಗೆ ಮೈಕೇ ಇಡದಿದ್ದರೂ ಅದು ಭಾಗವತರ ಮೈಕಿನೊಳಗೆ ಬಂದು ಕೂರುತ್ತದೆ. ಬಿರುಸಿನ ಏರುಪದ್ಯ ಬರುತ್ತದೆ. ಭಾಗವತರ ಮಾತು ಕೇಳುತ್ತಿಲ್ಲ ಎಂದು ಜನ ಕೈ ಎತ್ತುತ್ತಾರೆ. ಮೈಕಿನ ದನಿ ಏರಿಸುವ ಫೇಡರ್ ಏರಿಸಿದರೆ ಚೆಂಡೆಯೂ ಏರುತ್ತದೆ. ಇನ್ನೂ ಏರಿಸಿದರೆ ಮೈಕ್ ಕುಂಯ್ ಎನ್ನುತ್ತದೆ. ಆ ಹೊತ್ತಿನಲ್ಲಿ ಏರಿಸಬಾರದು ಎಂದು ಗೊತ್ತಾಗಲು ನನಗೆ ಎರಡು ತಿರುಗಾಟ, ಅಂದರೆ ಮೇಳದ ಎರಡು ಸೀಸನ್, ಹಿಡಿಯಿತು. ಮೈಕನ್ನು ಬಾಯಿಗೆ ನಾಲ್ಕು ಬೆರಳು ಹತ್ತಿರ ತರಬೇಕು. ಅದರ ಬೆನ್ನು ಚೆಂಡೆಯ ಕಡೆ ಬರುವ ಹಾಗೆ ತಿರುಗಿಸಬೇಕು. ಶೂರ್ ಎಸ್‌ಎಂ58 ಎನ್ನುವ ಮೈಕ್ 1966ರಿಂದ ಇದೆ. ಅದು ಎದುರಿನ ದನಿ ಹಿಡಿಯುತ್ತದೆ, ಬೆನ್ನ ಹಿಂದಿನದನ್ನು ಆದಷ್ಟು ಬಿಡುತ್ತದೆ. ತೀರಾ ಹತ್ತಿರ ತಂದರೆ ದನಿ ಗುಮ್ಮೆನ್ನುತ್ತದೆ, ಆಗ ತಗ್ಗಿನ ಸದ್ದನ್ನು ಸ್ವಲ್ಪ ಕತ್ತರಿಸಬೇಕು. ಮದ್ದಳೆಯ ಎರಡು ಬದಿಗೆ ಎರಡು ಬಗೆಯ ನಾದ, ಎರಡೂ ಸಿಗಬೇಕು. ಜಾಗಟೆ ಕೇಳಬೇಕು, ಕಿವಿಗೆ ಚುಚ್ಚಬಾರದು. ವೇಷದವರಿಗೆ ಮೇಲಿನಿಂದ ತೂಗುಬಿಟ್ಟ ಮೈಕು. ಕಿರೀಟ ತಾಗದಷ್ಟು ಎತ್ತರ, ಮಾತು ಸಿಗುವಷ್ಟು ತಗ್ಗು. ಆರೇಳು ವರ್ಷ ನಾನು ರಂಗಸ್ಥಳದ ಬದಿಯಲ್ಲೇ ಮಿಕ್ಸರ್ ಇಟ್ಟುಕೊಂಡು, ಚೆಂಡೆಯನ್ನು ಎಡಗಡೆ ಇಟ್ಟುಕೊಂಡು ಕೂತು ಇದನ್ನೆಲ್ಲ ಕಲಿತೆ. ಪದ್ಯ ಗೊತ್ತಿಲ್ಲದವನು ಈ ಕೆಲಸ ಮಾಡಲಾರ. ಭಾಗವತರು ಯಾವಾಗ ಉಸಿರು ತೆಗೆಯುತ್ತಾರೆ, ಚೆಂಡೆ-ಮದ್ದಳೆಯ ಬಿಡ್ತಿಗೆ ಯಾವಾಗ ಬರುತ್ತದೆ ಎಂದು ಮೊದಲೇ ಗೊತ್ತಿರಬೇಕು. ಇದು ಸಂಗೀತದ ಕೆಲಸ ಅಲ್ಲದಿದ್ದರೆ ಬೇರೆ ಯಾವುದು?

ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕಕ್ಕೆ ತಡೆ ಹಾಕುವ ನಿಯಮ 2000ದಿಂದ ಇದೆ. ಈಚೆಗೆ ಅದು ಬಿಗಿಯಾಯಿತು, ಕಾಲಮಿತಿ ಆಟಗಳು ಜಾಸ್ತಿ ಆದವು. ನಮ್ಮವರು ಕೆಲವರು ಬೇಸರ ಮಾಡಿಕೊಂಡರು. ನನಗೆ ಅದು ಒಳ್ಳೆಯದೇ ಆಯಿತು ಅನಿಸುತ್ತದೆ. ನಾಲ್ಕು ಹಾರ್ನ್ ಮರಕ್ಕೆ ಕಟ್ಟಿ ಮೂರು ಊರಿಗೆ ಕೇಳಿಸುವುದನ್ನು ಯಾರು ಬೇಕಾದರೂ ಮಾಡುತ್ತಿದ್ದರು. ಈಗ ಸದ್ದು ಕೂತ ಜನರಿಗೆ ಸಿಗಬೇಕು, ಪಕ್ಕದ ಮನೆಯ ಮಗು ಮಲಗಿರಬೇಕು. ಸ್ಪೀಕರ್ ಎಷ್ಟು ಎತ್ತರ, ಯಾವ ಕಡೆ ಮುಖ ಎಂದು ಲೆಕ್ಕ ಹಾಕಬಲ್ಲವನಿಗೆ ಬೆಲೆ ಬಂದಿದೆ.

ಮಳೆಗಾಲದಲ್ಲಿ ಏನು ಮಾಡುತ್ತೀರಿ ಎಂದು ಆ ತಾಯಿ ಕೇಳಿದರು. ಸರಿಯಾದ ಪ್ರಶ್ನೆ. ಆಟಿ ತಿಂಗಳಲ್ಲಿ, ವೇಷ ಇಲ್ಲದೆ ಕೂತು ಮಾತಾಡುವ ತಾಳಮದ್ದಳೆ ಇರುತ್ತದೆ, ಅರ್ಥಧಾರಿಗಳ ಒಂದೊಂದು ಅಕ್ಷರವೂ ಮುಟ್ಟಬೇಕು. ತಿರುಗಾಟದಲ್ಲಿ ಹಿಡಿದಿಟ್ಟ ಟ್ರ್ಯಾಕುಗಳನ್ನು ಕೂತು ಮಿಕ್ಸ್ ಮಾಡುತ್ತೇನೆ. ಸಾಮಾನಿಗೆ ಬೂಸಲು ಹಿಡಿಯದ ಹಾಗೆ ನೋಡುವುದೇ ಒಂದು ಕೆಲಸ. ಇನ್ನೊಂದು ಕೆಲಸ ಇದೆ, ಅದರ ಬಗ್ಗೆ ನನಗೆ ಜಾಸ್ತಿ ಪ್ರೀತಿ. ಹಳೆಯ ಕ್ಯಾಸೆಟ್‌ಗಳು. ಅಟ್ಟದ ಮೇಲೆ, ಬೀರುವಿನ ತಳದಲ್ಲಿ ತೀರಿಹೋದ ಭಾಗವತರ ದನಿ ಕೂತಿದೆ. ಒಂದೊಂದು ಮಳೆಗಾಲಕ್ಕೂ ಅದರ ಟೇಪು ಒಂದಿಷ್ಟು ಹಾಳಾಗುತ್ತದೆ. ಬೆಳ್ತಂಗಡಿ ಕಡೆಯ ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ಹಾಡಿದ ತುಳು ಜನಪದ ಕಥೆ ಸಿರಿ ಪಾಡ್ದನ 15,683 ಸಾಲು ಇದೆ. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರು ಕೂತು ದಾಖಲೆ ಮಾಡಿದ್ದರಿಂದ ಅದು ಇಂದು ನಮಗಿದೆ. ಉಡುಪಿ ಎಂಜಿಎಂ ಕಾಲೇಜಿನ ಜಾನಪದ ರಂಗಕಲೆಗಳ ಕೇಂದ್ರ ಇಂಥ ದಾಖಲೆಯನ್ನು ವರ್ಷಗಟ್ಟಲೆ ಮಾಡಿದೆ. ಹಾಗೆ ಹಿಡಿದಿಡದ ಹಾಡು ಇನ್ನೂ ಎಷ್ಟೋ ಮನೆಗಳಲ್ಲಿದೆ.

ಎಐ ಬಂತು ಎನ್ನುತ್ತಾರೆ. ಬರಲಿ. ನಾನೂ ಬಳಸುತ್ತೇನೆ, ಹಳೆ ಟೇಪಿನ ಸುಯ್ ಸದ್ದು ತೆಗೆಯಲು ಅದು ಒಳ್ಳೆಯದು. ಆದರೆ ಗದ್ದೆಯಲ್ಲಿ ಮಂಜು ಬೀಳುವಾಗ ಮೈಕಿನ ಮೇಲೆ ಬಟ್ಟೆ ಹಾಕುವವರು ಬೇಕು.

ಹುಡುಗನಿಗೆ ನಾನು ಹೇಳುವುದು ಇಷ್ಟು. ಮೊದಲೇ ಲಕ್ಷಗಟ್ಟಲೆ ಕೊಟ್ಟು ಕೋರ್ಸ್ ಸೇರಬೇಡ. ಮೊದಲು ಕರೆಂಟು ಕಲಿ. ಒಂದು ಸಲ ಕುಂದಾಪುರದ ಕಡೆ ಹನಿ ಮಳೆಯಲ್ಲಿ ಹಾಡುವ ಹುಡುಗಿಯ ತುಟಿಗೆ ಮೈಕಿನಿಂದ ಶಾಕ್ ಹೊಡೆಯಿತು. ಕೀಬೋರ್ಡಿಗೆ ಸಭಾಂಗಣದ ಕರೆಂಟಿನ ಲೈನು, ನಮ್ಮ ಮಿಕ್ಸರಿಗೆ ಜನರೇಟರ್. ಎರಡರ ಅರ್ಥಿಂಗ್ ಬೇರೆ ಬೇರೆ, ಒಂದು ಸರಿ ಇರಲಿಲ್ಲ. ಅವಳಿಗೆ ಏನೂ ಆಗಲಿಲ್ಲ. ಆದರೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಅಂದಿನಿಂದ ಟೆಸ್ಟರ್ ಹಿಡಿದು ನೋಡದೆ ಯಾರ ಕೈಗೂ ಮೈಕ್ ಕೊಡುವುದಿಲ್ಲ.

ದೀಪಾವಳಿ ಕಳೆದ ಮೇಲೆ ಅವನು ನನ್ನ ಹತ್ತಿರ ಬರಲಿ. ಮೊದಲ ತಿಂಗಳು ವಯರ್ ಸುತ್ತಲಿ. ಅದಕ್ಕೂ ಕ್ರಮ ಇದೆ. ಒಂದು ಸುತ್ತು ಮೇಲಿಂದ ಬಂದರೆ ಮುಂದಿನದು ಕೆಳಗಿಂದ ಬರಬೇಕು. ಮೊಣಕೈಗೆ ಸುತ್ತಿದರೆ ಒಳಗಿನ ತಂತಿ ತಿರುಚಿಕೊಂಡು ಹೋಗುತ್ತದೆ. ಸರಿಯಾಗಿ ಸುತ್ತಿದ ವಯರನ್ನು ಒಂದು ತುದಿ ಹಿಡಿದು ಗದ್ದೆಯಲ್ಲಿ ಎಸೆದರೆ ಒಂದು ಗಂಟೂ ಇಲ್ಲದೆ ಬಿಚ್ಚಿಕೊಳ್ಳುತ್ತದೆ. ಅದನ್ನು ನೋಡಿ ಅವನ ಮುಖ ಅರಳಿದರೆ ಉಳಿದದ್ದನ್ನು ನಾನು ಕಲಿಸುತ್ತೇನೆ.

ವಿರೋಧ: ಸಂಗೀತದಲ್ಲಿ ಇರಬೇಕು ಎಂದನಲ್ಲ, ಅದಕ್ಕೇ ಬೇಡ ಎಂದೆ

ಅಣ್ಣ ಬರೆದದ್ದರಲ್ಲಿ ಸುಳ್ಳಿಲ್ಲ. ವಯರ್ ಸುತ್ತುವುದನ್ನು ನನಗೂ ಅವನೇ ಕಲಿಸಿದ್ದು. ಆದರೆ ಹುಡುಗ ಕೇಳಿದ್ದು ಕೆಲಸ ಸಿಗುತ್ತದಾ ಎಂದಲ್ಲ. ಸಂಗೀತದಲ್ಲೇ ಬದುಕು ಕಟ್ಟಬಹುದಾ ಎಂದು ಕೇಳಿದ. ಅವನ ಅಮ್ಮ ಕೇಳಿದ್ದು ಇನ್ನೂ ನೇರ: "ನಲವತ್ತು ವರ್ಷ ಆಗುವಾಗ ಅವನ ಕೈಯಲ್ಲಿ ಏನಿರುತ್ತದೆ?" ನನಗೆ ಈಗ ನಲವತ್ತು ದಾಟಿದೆ. ಹಾಗಾಗಿ ಉತ್ತರ ಕೊಡಬಲ್ಲೆ.

ನಾನು 2006ರಿಂದ 2021ರ ತನಕ ಸ್ಟುಡಿಯೋದಲ್ಲಿದ್ದೆ. ಕೊನೆಯ ಆರು ವರ್ಷ ನನ್ನದೇ ಸಣ್ಣ ಸ್ಟುಡಿಯೋ. ಎಷ್ಟು ಹಾಡು ಮುಟ್ಟಿದ್ದೇನೆ ಎಂದು ಲೆಕ್ಕ ಇಟ್ಟಿಲ್ಲ. ಭಜನೆ, ಕೊಂಕಣಿ ಭಕ್ತಿಗೀತೆ, ತುಳು ಹಾಡು, ಬ್ಯಾರಿ ಹಾಡು. ಮೊನ್ನೆ ಕಂಕನಾಡಿಯಲ್ಲಿ ಆಟೋದಲ್ಲಿ ಕೂತಾಗ ಅದರೊಳಗೆ ನಾನು ಮಿಕ್ಸ್ ಮಾಡಿದ ಒಂದು ಭಜನೆ ಬರುತ್ತಿತ್ತು. ಹಾಡಿದವರಿಗೆ ಶ್ರುತಿಯಲ್ಲಿ ನಿಲ್ಲಲು ಕಷ್ಟ ಆಗಿತ್ತು. ನಾಲ್ಕು ರಾತ್ರಿ ಕೂತು ಒಂದೊಂದು ಸಾಲನ್ನೂ ಹೊಂದಿಸಿದ್ದೆ. ಎರಡನೇ ಚರಣದಲ್ಲಿ ಅವರ ಉಸಿರು ಕಡಿಮೆಯಾದಲ್ಲಿ ಬೇರೆ ಟೇಕ್‌ನಿಂದ ಉಸಿರು ತಂದು ಇಟ್ಟಿದ್ದೆ. ಆ ಜಾಗ ಬಂದಾಗ ಕಣ್ಣು ತುಂಬಿತು. ಆಟೋದವರು "ಒಳ್ಳೆ ಹಾಡು ಅಲ್ವಾ ಅಕ್ಕಾ" ಎಂದರು. ಹೌದು ಎಂದೆ.

ಆ ಹಾಡಿನಿಂದ ನನಗೆ ಇನ್ನೊಂದು ರೂಪಾಯಿಯೂ ಬರುವುದಿಲ್ಲ. ಯಾರೋ ಮೋಸ ಮಾಡಿದ್ದಲ್ಲ, ಕಾಯ್ದೆ ಇರುವುದೇ ಹಾಗೆ. ಧ್ವನಿಮುದ್ರಣದ ಹಕ್ಕು ಅದಕ್ಕೆ ದುಡ್ಡು ಹಾಕಿದ ನಿರ್ಮಾಪಕರದು, ಅದೂ 60 ವರ್ಷ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂತು. ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ರಾಯಲ್ಟಿ ಬಿಟ್ಟುಕೊಡಿ ಎಂದು ಯಾರೂ ಬರೆಸಿಕೊಳ್ಳುವ ಹಾಗಿಲ್ಲ ಎಂದಾಯಿತು. ಹಾಡಿದವರಿಗೂ ಹಕ್ಕು ಬಂತು. ತುಂಬಾ ಒಳ್ಳೆಯದು, ಆಗಲೇಬೇಕಿತ್ತು. ಆ ಪಟ್ಟಿಯಲ್ಲಿ ರೆಕಾರ್ಡ್ ಮಾಡಿದವರು, ಮಿಕ್ಸ್ ಮಾಡಿದವರು ಇಲ್ಲ. ಅಮೆರಿಕದಲ್ಲಿ 2018ರ ಸಂಗೀತ ಕಾಯ್ದೆಯಲ್ಲಿ ಕಲಾವಿದರು ಬರೆದುಕೊಟ್ಟರೆ ಪ್ರೊಡ್ಯೂಸರಿಗೆ, ಮಿಕ್ಸ್ ಮಾಡಿದವರಿಗೆ, ಸೌಂಡ್ ಇಂಜಿನಿಯರಿಗೆ ಡಿಜಿಟಲ್ ರಾಯಲ್ಟಿಯ ಪಾಲು ಸಿಗುವ ದಾರಿ ಮಾಡಿದರು. ನಮ್ಮಲ್ಲಿ ಹಾಗೆ ಕೇಳುವವರೂ ಇಲ್ಲ. ಯೂಟ್ಯೂಬ್ ವಿಡಿಯೋದ ಕೆಳಗೆ ಹೂವಿನ ಅಲಂಕಾರ ಮಾಡಿದವರ ಹೆಸರು ಇರುತ್ತದೆ, ನಮ್ಮದು ಎಷ್ಟೋ ಸಲ ಇರುವುದಿಲ್ಲ. ಹದಿನೈದು ವರ್ಷ ಮಾಡಿದ ಕೆಲಸದಿಂದ ಕೈಗೆ ಏನೂ ಕೂಡಿ ಬರಲಿಲ್ಲ. ನಾಳೆ ಹೊಸ ಹಾಡು ಬಂದರೆ ನಾಳೆಯ ಊಟ, ಅಷ್ಟೇ.

ಹೊಸ ಹಾಡು ಬರುವುದು ಹೇಗೆ ಕಡಿಮೆ ಆಯಿತು ಎನ್ನುವುದನ್ನು ನಾನು ಕೂತಲ್ಲೇ ಕಂಡಿದ್ದೇನೆ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು. ಎಲ್ಲರ ಕೈಗೂ ಡೇಟಾ ಬಂತು, ಹಾಡು ಕೇಳುವವರು ನೂರು ಪಟ್ಟು ಆದರು ಎಂದು ನಾವು ಖುಷಿಪಟ್ಟೆವು. ಆದರೆ ಹಾಡಿಗೆ ದುಡ್ಡು ಕೊಟ್ಟು ಕೊಳ್ಳುವವರು ಉಳಿಯಲಿಲ್ಲ. ದುಡ್ಡು ಹಾಕಿದವರಿಗೆ ವಾಪಸ್ ಬರದೇ ಇದ್ದಾಗ ಅವರು ಮೊದಲು ಕಡಿಮೆ ಮಾಡುವುದು ಸ್ಟುಡಿಯೋ ಖರ್ಚನ್ನೇ. ಮನೆಯಲ್ಲೇ ಒಂದು ಮೈಕು, ಒಂದು ಲ್ಯಾಪ್‌ಟಾಪ್ ಇಟ್ಟು ಹಾಡಿ, ಫೈಲ್ ಮಾತ್ರ ನನಗೆ ಕಳಿಸಲು ಶುರು ಮಾಡಿದರು. ಹಿಂದೆ ಫ್ಯಾನಿನ ಸದ್ದು, ಕೋಳಿ ಕೂಗು. "ಸ್ವಲ್ಪ ಕ್ಲೀನ್ ಮಾಡಿ ಕೊಡಿ ಮೇಡಂ, ಸಣ್ಣ ಕೆಲಸ." ಆ ಸಣ್ಣ ಕೆಲಸಕ್ಕೆ ಎರಡು ದಿನ ಬೇಕು.

ಮದುವೆ, ಕಾಲೇಜು ಸ್ಪರ್ಧೆಗೆಂದು ಕರೋಕೆ ಟ್ರ್ಯಾಕ್ ಮಾಡಿಸಿಕೊಳ್ಳುತ್ತಿದ್ದರು. ತಬಲಾ, ಕೊಳಲು, ಕೀಬೋರ್ಡು ಎಲ್ಲ ಮತ್ತೆ ಕೂರಿಸಿ ಮಾಡುವ ಕೆಲಸ. ನನ್ನ ತಿಂಗಳ ಬಾಡಿಗೆ ಅದರಿಂದ ಹೋಗುತ್ತಿತ್ತು. 2019ರಲ್ಲಿ ಡೀಜರ್ ಕಂಪನಿಯವರು ಸ್ಪ್ಲೀಟರ್ ಎನ್ನುವ ಸಾಫ್ಟ್‌ವೇರ್ ಪುಕ್ಕಟೆ ಬಿಟ್ಟರು. ಹಾಡು ಹಾಕಿದರೆ ದನಿ ಬೇರೆ, ವಾದ್ಯ ಬೇರೆ. ಆಮೇಲೆ ಇನ್ನೂ ಒಳ್ಳೆಯವು ಬಂದವು. ಕರೋಕೆ ಕೇಳಿಕೊಂಡು ಬರುವವರು ಆರು ತಿಂಗಳಲ್ಲಿ ನಿಂತರು. ಹಾಡಿಗೆ ಕೊನೆಯ ಹದ ಕೊಡುವ ಮಾಸ್ಟರಿಂಗ್ ಕೆಲಸವನ್ನು ತಾನಾಗಿಯೇ ಮಾಡಿ ಕೊಡುವ ಲ್ಯಾಂಡರ್ 2014ರಿಂದಲೇ ಇತ್ತು. ಆಭರಣದ ಅಂಗಡಿ, ಬೇಕರಿ ಜಾಹೀರಾತು, ಚುನಾವಣೆಯ ಪ್ರಚಾರದ ಹಾಡು ಒಂದಿಷ್ಟು ಉಳಿದಿತ್ತು. ಈಗ ಎರಡು ಸಾಲು ಬರೆದು ಹಾಕಿದರೆ ಸುನೊದಂಥ ಎಐಗಳು ಪೂರ್ತಿ ಹಾಡೇ ಮಾಡಿ ಕೊಡುತ್ತವೆ. ಹಾಡು ಚೆನ್ನಾಗಿರುತ್ತದಾ? ನನಗೆ ಇಷ್ಟ ಆಗುವುದಿಲ್ಲ. ಆದರೆ ಟೆಂಪೋದ ಮೇಲೆ ಹಾರ್ನ್ ಕಟ್ಟಿ ಊರು ಸುತ್ತುವವರಿಗೆ ಅಷ್ಟು ಸಾಕು. ಒಳ್ಳೆಯದು ಮಾಡಿ ಬದುಕುವವರು ಯಾವಾಗಲೂ ಕಡಿಮೆ ಜನ. ಉಳಿದವರು "ಅಷ್ಟು ಸಾಕು" ಎನ್ನುವ ಕೆಲಸ ಮಾಡಿ ಬದುಕುತ್ತಾ, ಅದರ ನಡುವೆ ಒಳ್ಳೆಯದನ್ನು ಕಲಿಯುತ್ತಿದ್ದರು. ನಾನೂ ಹಾಗೆಯೇ ಕಲಿತವಳು. ಈಗಿನ ಹುಡುಗರಿಗೆ ಕಲಿಯಲು ಆ ಕೆಳಗಿನ ಮೆಟ್ಟಿಲೇ ಇಲ್ಲ.

ದುಡ್ಡು ಬಾಕಿ ಇಡುವವರ ವಿಷಯ ಜಾಸ್ತಿ ಬರೆಯುವುದಿಲ್ಲ. ಒಬ್ಬರು ಹತ್ತು ಹಾಡಿನ ಕೆಲಸ ಮಾಡಿಸಿಕೊಂಡು, "ಬಿಡುಗಡೆ ದಿನ ಕೊಡುತ್ತೇವೆ" ಎಂದು ಫೈಲ್ ತಗೊಂಡರು. ಬಿಡುಗಡೆಯ ದಿನ ಶಾಲು ಹಾಕಿದರು. ದುಡ್ಡು ಬರಲಿಲ್ಲ. ಆ ಶಾಲು ಈಗಲೂ ನನ್ನ ಬೀರುವಿನಲ್ಲಿದೆ.

ಇನ್ನು ಹೊರಗಿನ ಕಾರ್ಯಕ್ರಮದ ಮಾತು. ಅಣ್ಣ ಹೇಳದೆ ಬಿಟ್ಟದ್ದು ಒಂದಿದೆ. ಅವನು ಮಾಲೀಕ. ಸಾಮಾನು ಅವನದು, ಬಾಡಿಗೆ ಅವನಿಗೆ, ಸಾಲವೂ ಅವನದೇ. ಅವನ ಹತ್ತಿರ ಕೆಲಸ ಮಾಡುವ ನಾಲ್ಕು ಹುಡುಗರಿಗೆ ದಿನಗೂಲಿ. ಅವನು ಒಳ್ಳೆಯವನು, ಸರಿಯಾಗಿ ಕೊಡುತ್ತಾನೆ, ಊಟ ಹಾಕಿಸುತ್ತಾನೆ. ಎಲ್ಲರೂ ಹಾಗಿಲ್ಲ. ಪತ್ತನಾಜೆಗೆ ಮೇಳದವರು ಗೆಜ್ಜೆ ಬಿಚ್ಚಿದ ಮೇಲೆ ಆ ಹುಡುಗರಿಗೆ ಏನಿದೆ? ಒಬ್ಬ ಮಳೆಗಾಲದಲ್ಲಿ ಪೈಂಟಿಂಗ್‌ಗೆ ಹೋಗುತ್ತಾನೆ. ಇನ್ನೊಬ್ಬ ಒಳ್ಳೆ ಕಿವಿ ಇದ್ದವನು, ಈಗ ಗಲ್ಫಿನ ಹೋಟೆಲೊಂದರಲ್ಲಿ ಮೀಟಿಂಗ್ ಹಾಲಿನ ಪ್ರೊಜೆಕ್ಟರ್ ನೋಡಿಕೊಳ್ಳುತ್ತಾನೆ. ಸಂಬಳ ಬರುತ್ತದೆ, ಅಕ್ಕನ ಮದುವೆ ಮಾಡಿದ. ಸರಿಯಾದದ್ದನ್ನೇ ಮಾಡಿದ. ಕಾಲಮಿತಿ ಬಂದ ಮೇಲೆ ಕೆಲಸಕ್ಕೆ ಬೆಲೆ ಬಂತು ಎಂದು ಅಣ್ಣ ಬರೆದಿದ್ದಾನೆ. "ಆರು ಗಂಟೆಯ ಆಟ ಅಲ್ವಾ, ಬಾಡಿಗೆ ಕಮ್ಮಿ ಮಾಡಿ" ಎಂದು ಕೇಳಿದ ಸಮಿತಿಯವರ ವಿಷಯ ನನ್ನ ಹತ್ತಿರ ಹೇಳಿದ್ದೂ ಅವನೇ.

ನನಗಂತೂ ಆ ದಾರಿಯೂ ಇರಲಿಲ್ಲ. ಸ್ಟುಡಿಯೋದಲ್ಲಿ ಕೂತಿದ್ದರೆ ಬಂದವರು "ಇಂಜಿನಿಯರ್ ಎಲ್ಲಿ?" ಎಂದು ನನ್ನನ್ನೇ ಕೇಳುತ್ತಿದ್ದರು. 2020ರಲ್ಲಿ ಲಾಕ್‌ಡೌನ್ ಆಗಿ ಸ್ಟುಡಿಯೋ ತಿಂಗಳುಗಟ್ಟಲೆ ಮುಚ್ಚಿದಾಗ, ಮುಂದೆ ಹೊರಗಿನ ಕಾರ್ಯಕ್ರಮಕ್ಕೆ ಹೋಗುವ ಎಂದು ಇಬ್ಬರು ಮೂವರು ಸೌಂಡಿನವರನ್ನು ಕೇಳಿದೆ. ಅಣ್ಣ ಬಾ ಎಂದ. ಬೇರೆಯವರು, "ರಾತ್ರಿ ಎರಡು ಗಂಟೆಗೆ ಸಾಮಾನು ತುಂಬಿಸಿ ಬರುವಾಗ ಹೆಣ್ಣುಮಗಳನ್ನು ಟೆಂಪೋದಲ್ಲಿ ಕೂರಿಸುವುದು ಹೇಗೆ" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಬಾಗಿಲು ಮುಚ್ಚಿತು. ನಮ್ಮ ಪರಿಚಯದ ಮನೆಯ ಆ ಹುಡುಗನಿಗೆ ಒಬ್ಬ ತಂಗಿ ಇದ್ದಾಳೆ. ಅವಳು ಇದೇ ಪ್ರಶ್ನೆ ಕೇಳಿದರೆ ಅಣ್ಣ ಇಷ್ಟೇ ಧೈರ್ಯದಿಂದ ಬಾ ಎನ್ನುತ್ತಾನೆ, ಗೊತ್ತು. ಊರು ಎನ್ನುವುದಿಲ್ಲ.

ಈಗ ನಾನು ಮನೆಯಿಂದಲೇ ಒಂದು ಕಂಪನಿಗೆ ಕೆಲಸ ಮಾಡುತ್ತೇನೆ. ಆನ್‌ಲೈನ್ ಪಾಠಗಳಿಗೆ ದನಿ ಎಡಿಟ್ ಮಾಡುವುದು. ಯಾರೋ ಪಾಠ ಓದುತ್ತಾರೆ, ನಾನು ಉಸಿರು, ತುಟಿ ಸದ್ದು, ತಪ್ಪು ತೆಗೆದು ಸಮ ಮಾಡುತ್ತೇನೆ. ತಿಂಗಳ ಮೊದಲ ದಿನ ಸಂಬಳ. ಪಿಎಫ್ ಇದೆ. ಹದಿನೈದು ವರ್ಷದಲ್ಲಿ ಕಲಿತದ್ದೆಲ್ಲ ಉಪಯೋಗಕ್ಕೆ ಬಂದಿದೆ. ಹಾಗಾಗಿ ಆಡಿಯೋ ಕಲಿತವರಿಗೆ ಅನ್ನ ಇಲ್ಲ ಎಂದು ನಾನು ಹೇಳುವುದಿಲ್ಲ. ಅನ್ನ ಇದೆ, ಅದರಲ್ಲಿ ಸಂಗೀತ ಇಲ್ಲ. ಆ ಹುಡುಗ ಕೇಳಿದ್ದು ಸಂಗೀತ.

ಹಟ ಬಿಡದೇ ಇದ್ದರೆ ಒಂದು ದಾರಿ ಹೇಳಿದ್ದೇನೆ. ಮೊದಲು ಒಂದು ಡಿಗ್ರಿ ಮಾಡಲಿ, ಎಲೆಕ್ಟ್ರಾನಿಕ್ಸ್ ಆದರೆ ಒಳ್ಳೆಯದು. ಆಮೇಲೆ ಪುಣೆಯ ಸಿನಿಮಾ ಶಾಲೆ ಎಫ್‌ಟಿಐಐಗೋ ಕೋಲ್ಕತ್ತಾದ ಸತ್ಯಜಿತ್ ರೇ ಸಿನಿಮಾ ಸಂಸ್ಥೆಗೋ ಪರೀಕ್ಷೆ ಬರೆಯಲಿ. ಡಿಗ್ರಿ ಬೇಡ ಎಂದಾದರೆ ಬೆಂಗಳೂರು ಹತ್ತಿರದ ಹೆಸರಘಟ್ಟದಲ್ಲಿ ಸರ್ಕಾರದ್ದೇ ಸಿನಿಮಾ ಸಂಸ್ಥೆ ಇದೆ. ಮನೆ ಅಡವಿಟ್ಟು ಖಾಸಗಿ ಕೋರ್ಸಿಗೆ ಹಾಕಬೇಡಿ ಎಂದು ಅವನ ಅಮ್ಮನ ಹತ್ತಿರ ಎರಡು ಸಲ ಹೇಳಿದೆ. ಇದರಲ್ಲಿ ಮಾತ್ರ ಅಣ್ಣನದೂ ನನ್ನದೂ ಒಂದೇ ಮಾತು.

ಕೊನೆಗೆ ಕಿವಿಯ ವಿಷಯ. ನಮ್ಮ ಕೆಲಸಕ್ಕೆ ಬಂಡವಾಳ ಮಿಕ್ಸರ್ ಅಲ್ಲ, ಕಿವಿ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು ಎನ್ನುತ್ತದೆ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕ. ಅದರ ಮೇಲೆ 3 ಡೆಸಿಬೆಲ್ ಏರಿದ ಹಾಗೆಲ್ಲ ಹೊತ್ತು ಅರ್ಧ ಆಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. 100ಕ್ಕೆ 15 ನಿಮಿಷ ಮಾತ್ರ. ಚೆಂಡೆಯ ಪಕ್ಕ ಕೂತವರು, ಡಿಜೆಯ ಸಬ್ ಸ್ಪೀಕರ್ ಹತ್ತಿರ ನಿಂತವರು ಹದಿನೈದು ನಿಮಿಷಕ್ಕೆ ಎದ್ದು ಹೋಗುತ್ತಾರಾ? ನಮ್ಮ ಕಡೆ ಇಯರ್‌ಪ್ಲಗ್ ಹಾಕಿದರೆ "ಮೈಕಿನವನಿಗೇ ಕೇಳುವುದು ಬೇಡವಂತೆ" ಎನ್ನುತ್ತಾರೆ. ಆ ನಷ್ಟಕ್ಕೆ ವಿಮೆ ಇಲ್ಲ. ಹೋದದ್ದು ವಾಪಸ್ ಬರುವುದೂ ಇಲ್ಲ.

ಈ ಲೇಖನ ಬರೆಯುವ ಮೊದಲು ಅಣ್ಣನಿಗೆ ಫೋನ್ ಮಾಡಿದ್ದೆ. ನಿನ್ನದು ಓದಿದೆ, ಚೆನ್ನಾಗಿದೆ, ನಾನು ಬೇಡ ಎಂದೇ ಬರೆಯುತ್ತೇನೆ ಎಂದೆ. "ಹಾಂ?" ಎಂದ. ಮತ್ತೆ ಹೇಳಿದೆ. "ಸ್ವಲ್ಪ ಇರು ಮಾರಾಯ್ತಿ," ಎಂದು ಫೋನನ್ನು ಎಡಕಿವಿಯಿಂದ ಬಲಕಿವಿಗೆ ಬದಲಿಸಿದ. "ಹ್ಞಾ, ಈಗ ಹೇಳು."